1982ರ ಡೀಸೆಲ್ ಬೆಂಜ್: ಕೀಲಿ ಒಳಗೆ ಹೋಗುತ್ತದೆ, ತಿರುಗುವುದಿಲ್ಲ (ಮೈಸೂರು)

ಕುವೆಂಪುನಗರ ಹಳೆಗಾಡಿ · ಶನಿವಾರ, ಬೆಳಿಗ್ಗೆ 8.10

ಗಾಡಿ ಮರ್ಸಿಡಿಸ್ 240ಡಿ, 1982ರದ್ದು, ಡಬ್ಲ್ಯು123 ಎಂದು ಕರೆಯುವ ಮಾದರಿ. ನಾಲ್ಕು ಸಿಲಿಂಡರ್ ಡೀಸೆಲ್, ನಾಲ್ಕು ಗೇರ್. ಎಂಜಿನ್ ಬಗ್ಗೆ ದೂರಿಲ್ಲ. ತೊಂದರೆಯೆಲ್ಲ ಇಗ್ನಿಷನ್ ಲಾಕ್‌ನದು.

ದಸರಾ ಕಳೆದ ಮೇಲೆ ಕೀಲಿ ಹಟ ಮಾಡಲು ತೊಡಗಿತು. ಬೆಳಿಗ್ಗೆ ತಿರುಗುವುದಿಲ್ಲ. ಬಿಸಿಲೇರಿದ ಮೇಲೆ ಹೋಗಿ ನೋಡಿದರೆ ಏನೂ ಆಗಿಲ್ಲವೆಂಬಂತೆ ತಿರುಗುತ್ತದೆ. ಡಿಸೆಂಬರ್ ಚಳಿ ಹಿಡಿದ ಮೇಲೆ ಮಧ್ಯಾಹ್ನವೂ ಒಪ್ಪುತ್ತಿರಲಿಲ್ಲ. ನಿನ್ನೆಯಿಂದ ಪೂರ್ತಿ ನಿಂತಿದೆ. ಕೀಲಿ ಸರಾಗವಾಗಿ ಒಳಗೆ ಹೋಗುತ್ತದೆ, ಹೊರಗೆ ಬರುತ್ತದೆ, ತಿರುಗುವುದೊಂದು ಬಿಟ್ಟು. ಸ್ಟೀರಿಂಗ್ ಕೂಡ ಲಾಕ್ ಆಗಿದೆ. ಗಾಡಿ ಗೇಟಿನ ಇಳಿಜಾರಿನಲ್ಲಿ ಮೂತಿಯನ್ನು ರಸ್ತೆಗೆ ಚಾಚಿಕೊಂಡು ನಿಂತಿರುವುದರಿಂದ ಹಾಲಿನವರಿಂದ ಹಿಡಿದು ಶಾಲಾ ವ್ಯಾನಿನವರೆಗೆ ಎಲ್ಲರೂ ಸುತ್ತಿಕೊಂಡು ಹೋಗಬೇಕಾಗಿದೆ.

ಹತ್ತಿರದ ಗ್ಯಾರೇಜಿನವರು ಬಂದು ನೋಡಿ, ಡ್ರಿಲ್ ಹಾಕಿ ಒಡೆದು ತೆಗೆದು ಯಾವುದಾದರೂ ಬೇರೆ ಗಾಡಿಯ ಸ್ವಿಚ್ ಕೂರಿಸಿಕೊಡುತ್ತೇವೆ ಎಂದರು. ಮನಸ್ಸು ಒಪ್ಪುತ್ತಿಲ್ಲ. ಬೇರೆ ದಾರಿ ಇದೆಯೇ?

ಮದ್ದೂರು ಇಂಡಿಕಾ · 8.25

ತುಕ್ಕು ಬಿಡಿಸುವ ಡಬ್ಲ್ಯುಡಿ-40 ಸ್ಪ್ರೇ ಕ್ಯಾನ್ ತನ್ನಿ, ಕೊಳವೆ ಒಳಗಿಟ್ಟು ಚೆನ್ನಾಗಿ ಹೊಡೆಯಿರಿ, ಅರ್ಧ ಗಂಟೆ ಬಿಟ್ಟು ಕಟಿಂಗ್ ಪ್ಲೇಯರ್‌ನಿಂದ ಕೀಲಿಯನ್ನು ಹಿಡಿದು ತಿರುಗಿಸಿ. ನನ್ನ 2004ರ ಇಂಡಿಕಾ ಡೀಸೆಲ್‌ಗೆ ಇದೇ ಔಷಧ.

ಬೀಗದ ಮೇಷ್ಟ್ರು, ಮಂಡ್ಯ · 8.40

ಪ್ಲೇಯರ್ ಎತ್ತಿ ಪೆಟ್ಟಿಗೆಯಲ್ಲಿಡಿ, ದಯವಿಟ್ಟು. ಕೀಲಿ ಮುರಿದು ಅರ್ಧ ಒಳಗೆ ಉಳಿದರೆ ಈಗಿರುವ ಒಂದು ಸಮಸ್ಯೆ ಎರಡಾಗುತ್ತದೆ. ಇಷ್ಟು ಹಳೆಯ ಗಾಡಿಯ ಕೀಲಿಯಲ್ಲಿ ಹಲ್ಲಿನ ಬುಡ ಸವೆದು ತೆಳುವಾಗಿರುತ್ತದೆ. ಬೆರಳಿನ ಬಲಕ್ಕಿಂತ ಹೆಚ್ಚಿನದನ್ನು ಅದು ತಾಳುವುದಿಲ್ಲ.

ಹಳೆಗಾಡಿಯವರೇ, ಮೊದಲು ನಾಲ್ಕು ಪ್ರಶ್ನೆಗಳಿಗೆ ಉತ್ತರಿಸಿ. ಮುಂದಿನ ಚಕ್ರಗಳು ನೇರವಾಗಿವೆಯೋ, ತಿರುಗಿಕೊಂಡು ಯಾವುದಕ್ಕಾದರೂ ಒತ್ತಿಕೊಂಡಿವೆಯೋ? ಎರಡನೆಯ ಕೀಲಿ ಇದೆಯೇ? ಇಲ್ಲಿಯವರೆಗೆ ಆ ಕಂಡಿಯೊಳಗೆ ಯಾರು ಯಾರು ಏನೇನು ಸುರಿದಿದ್ದಾರೆ? ಬ್ಯಾಟರಿ ಸಂಪರ್ಕ ತೆಗೆದಿದ್ದೀರಾ?

ಬೆಳಿಗ್ಗೆ ಬಿಗಿತ, ಬಿಸಿಲಿಗೆ ಸಡಿಲ ಎಂದಿರಲ್ಲ, ಅದು ನನ್ನ ಕಿವಿ ನೆಟ್ಟಗೆ ಮಾಡಿತು. ಸವೆದ ಲಾಕ್‌ಗೆ ಗಡಿಯಾರ ಗೊತ್ತಿರುವುದಿಲ್ಲ.

ಮೇಟಗಳ್ಳಿ ಲೇತ್ · 9.05

ಡ್ರಿಲ್ ವಿಷಯ ನನ್ನ ಕಸುಬಿಗೆ ಸೇರಿದ್ದರಿಂದ ಹೇಳುತ್ತೇನೆ. ಆ ಕಾಲದ ಬೆಂಜ್ ಲಾಕ್‌ನ ಮುಂಭಾಗದಲ್ಲಿ ಗಟ್ಟಿ ಮಾಡಿದ ಉಕ್ಕು ಇರುತ್ತದೆ. ಸಾಮಾನ್ಯ ಬಿಟ್ ಅದರ ಮೇಲೆ ಜಾರುತ್ತದೆ, ಮೊಂಡಾಗುತ್ತದೆ, ಕೊನೆಗೆ ಪಕ್ಕದ ಮೆತ್ತನೆಯ ಭಾಗಕ್ಕೆ ನುಗ್ಗುತ್ತದೆ. ಗ್ಯಾರೇಜಿನವರು ಅರ್ಧ ದಾರಿಯಲ್ಲಿ ಕೈಬಿಟ್ಟು, ಇಡೀ ಸ್ಟೀರಿಂಗ್ ಲಾಕ್ ಜೋಡಣೆಯೇ ಬೇಕು ಎಂದು ಹೇಳಿಹೋಗುವುದನ್ನು ಕಂಡಿದ್ದೇನೆ. ಕೊನೆಯ ದಾರಿಯನ್ನು ಕೊನೆಗೇ ಇಟ್ಟುಕೊಳ್ಳಿ.

ಕುವೆಂಪುನಗರ ಹಳೆಗಾಡಿ · 9.50

ಮೇಷ್ಟ್ರೇ, ಉತ್ತರಗಳು ಇಲ್ಲಿವೆ.

ಎಡ ಮುಂಚಕ್ರ ಗೇಟಿನ ಕಲ್ಲಿಗೆ ಒತ್ತಿಕೊಂಡಿದೆ. ಎರಡನೆಯ ಕೀಲಿ ಬೀರುವಿನಲ್ಲಿ ಇದೆ ಎನ್ನುತ್ತಾರೆ, ಹುಡುಕುತ್ತಿದ್ದೇವೆ. ಬ್ಯಾಟರಿ ಸಂಪರ್ಕ ಈಗ ತೆಗೆದೆ.

ಸುರಿದದ್ದರ ಪಟ್ಟಿ ಸ್ವಲ್ಪ ಉದ್ದ. ಆಯುಧಪೂಜೆಯಲ್ಲಿ ಸ್ಟೀರಿಂಗ್‌ಗೆ, ಬಾನೆಟ್‌ಗೆ, ಕೀಲಿಕಂಡಿಗೆ ಅರಿಸಿನ ಕುಂಕುಮ ಗಂಧ ಹಚ್ಚಿದ್ದಾರೆ. ಅದು ಮನೆಯ ಹಿರಿಯರ ಕೆಲಸ, ಪ್ರತಿವರ್ಷ ನಡೆಯುತ್ತದೆ. ಅದಾದ ಮೇಲೆ ಕೀಲಿ ಬಿಗಿಯಾದಾಗ ಪಕ್ಕದ ಮನೆಯವರು ಸಹಾಯಕ್ಕೆ ಬಂದು ಕೊಬ್ಬರಿ ಎಣ್ಣೆ ಬಿಟ್ಟರು. ಎರಡು ದಿನ ಚೆನ್ನಾಗಿತ್ತು. ಮತ್ತೆ ಬಿಗಿಯಾಯಿತು, ಮತ್ತೆ ಬಿಟ್ಟರು.

ಬೀಗದ ಮೇಷ್ಟ್ರು, ಮಂಡ್ಯ · 10.30

ಕಳ್ಳ ಸಿಕ್ಕ. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಓದುವ ತಾಳ್ಮೆ ಇರಲಿ.

ಕೀಲಿ ಹೋಗುವ ಆ ದುಂಡಗಿನ ಭಾಗ, ನಾವು ಬ್ಯಾರೆಲ್ ಎನ್ನುವುದು, ಅದರೊಳಗೆ ಸಾಲಾಗಿ ತೆಳ್ಳನೆಯ ಹಿತ್ತಾಳೆ ಬಿಲ್ಲೆಗಳಿರುತ್ತವೆ. ಒಂದೊಂದಕ್ಕೂ ಕೂದಲಿನಷ್ಟು ಸಣ್ಣ ತಂತಿಯ ಸ್ಪ್ರಿಂಗ್. ಕೀಲಿ ಇಲ್ಲದಾಗ ಬಿಲ್ಲೆಗಳು ಹೊರಚಾಚಿ ಸುತ್ತಲಿನ ಕವಚದ ಕಚ್ಚಿನಲ್ಲಿ ಸಿಕ್ಕಿಕೊಂಡಿರುತ್ತವೆ. ಸರಿಯಾದ ಕೀಲಿ ಒಳಗೆ ಬಂದಾಗ ಪ್ರತಿಯೊಂದು ಬಿಲ್ಲೆಯೂ ತನ್ನ ಹಲ್ಲಿನ ಎತ್ತರಕ್ಕೆ ಸರಿದು, ಎಲ್ಲವೂ ಬ್ಯಾರೆಲ್‌ನ ಅಂಚಿಗೆ ಸಮನಾಗಿ ನಿಲ್ಲುತ್ತವೆ. ಆಗ ಮಾತ್ರ ತಿರುಗುತ್ತದೆ. ಒಂದೇ ಒಂದು ಬಿಲ್ಲೆ ಉಗುರಿನ ದಪ್ಪದಷ್ಟು ಹೊರಗುಳಿದರೂ ಇಲ್ಲ.

ಈಗ ಕೊಬ್ಬರಿ ಎಣ್ಣೆಯ ಗುಣ ನೋಡಿ. ಅದು ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುತ್ತದೆ. ಡಿಸೆಂಬರ್‌ನಲ್ಲಿ ಮೈಸೂರಿನ ಮುಂಜಾವು 20ಕ್ಕಿಂತ ಕೆಳಗಿರುತ್ತದೆ. ನಿಮ್ಮ ಬಚ್ಚಲುಮನೆಯ ಕಿಟಕಿಯಲ್ಲಿರುವ ಎಣ್ಣೆ ಬಾಟಲಿ ಈಗ ಹೇಗಿದೆಯೋ ಲಾಕ್‌ನ ಒಳಗೂ ಹಾಗೆಯೇ ಇದೆ. ಸ್ಪ್ರಿಂಗ್‌ಗಳಿಗೆ ಬಲ ಬಹಳ ಕಡಿಮೆ, ಹೆಪ್ಪುಗಟ್ಟಿದ ಕೊಬ್ಬನ್ನು ದಾಟಿ ಬಿಲ್ಲೆಯನ್ನು ತಳ್ಳಲು ಅವುಗಳಿಗಾಗದು. ಬಿಸಿಲಿಗೆ ಎಣ್ಣೆ ಕರಗುತ್ತದೆ, ಕೀಲಿ ತಿರುಗುತ್ತದೆ. ಜೊತೆಗೆ ಕುಂಕುಮದ ಪುಡಿ, ಗಂಧದ ಕೆಸರು, ರಸ್ತೆಯ ಧೂಳು. ಎಣ್ಣೆ ಇವೆಲ್ಲವನ್ನೂ ಹಿಡಿದಿಟ್ಟು ಮುದ್ದೆ ಮಾಡಿದೆ. ಪ್ರತಿಸಲ ಬಿಟ್ಟ ಹೊಸ ಎಣ್ಣೆ ಎರಡು ದಿನ ಕೆಲಸ ಮಾಡಿ ಮುದ್ದೆಯನ್ನು ಇನ್ನಷ್ಟು ದೊಡ್ಡದು ಮಾಡಿದೆ, ಅಷ್ಟೇ.

ಎರಡನೆಯ ಅಡ್ಡಿ ಚಕ್ರದ್ದು. ಲಾಕ್‌ನ ಹಿಂದೆ ಒಂದು ಉಕ್ಕಿನ ಗೂಟ ಸ್ಟೀರಿಂಗ್ ಕಂಬದ ಕಚ್ಚಿನಲ್ಲಿ ಕೂತಿರುತ್ತದೆ. ಚಕ್ರ ಕಲ್ಲಿಗೆ ಒತ್ತಿಕೊಂಡಿದ್ದರೆ ಟೈರಿನ ತಿರುಚು ಸ್ಟೀರಿಂಗ್ ಮೂಲಕ ಆ ಗೂಟದ ಮೇಲೆ ಬೀಳುತ್ತದೆ. ಕೀಲಿ ತಿರುಗಿಸುವಾಗ ನೀವು ಆ ಗೂಟವನ್ನೂ ಎಳೆಯುತ್ತಿದ್ದೀರಿ. ಮೊದಲು ಆ ಭಾರ ಇಳಿಸಿ. ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಎಡ ಮುಂಚಕ್ರವನ್ನು ಜಾಕ್‌ನಿಂದ ನೆಲ ಬಿಡುವಷ್ಟು ಮಾತ್ರ ಎತ್ತಿ. ಇಳಿಜಾರಿನಲ್ಲಿದೆ ಎಂದಿದ್ದೀರಿ, ಗಾಡಿಯ ಕೆಳಗೆ ಯಾರೂ ಹೋಗಬಾರದು.

ಮೂರನೆಯದು ಕೀಲಿ. ಬೀರುವಿನಲ್ಲಿರುವುದು ಹೊರಗೆ ಬರಲಿ, ಆಮೇಲೆ ಮಾತನಾಡೋಣ.

ಒಂಟಿಕೊಪ್ಪಲ್ ಓದುಗ · 10.55

ಎಲ್ಲದಕ್ಕೂ ಆಯುಧಪೂಜೆಯನ್ನು ದೂರುವುದು ಈಗಿನ ಫ್ಯಾಷನ್. ನಮ್ಮ ಮನೆಯಲ್ಲಿ ನಾಲ್ಕು ಗಾಡಿಗಳಿಗೆ ಪೂಜೆ ನಡೆಯುತ್ತದೆ, ಒಂದರ ಲಾಕೂ ಕೆಟ್ಟಿಲ್ಲ.

ಬೀಗದ ಮೇಷ್ಟ್ರು, ಮಂಡ್ಯ · 11.05

ಪೂಜೆಗೆ ನಮಸ್ಕಾರ. ನಮ್ಮ ಮನೆಯಲ್ಲೂ ಬೂದುಗುಂಬಳ ಒಡೆಯುತ್ತೇವೆ, ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತೇವೆ. ಕುಂಕುಮ ಕಂಡಿಯ ಒಳಗೆ ಹೋಗಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಕಂಡಿಯ ಮೇಲೆ ಒಂದು ಅಂಗುಲ ಎತ್ತರಕ್ಕೆ ಹಚ್ಚಿದರೆ ದೇವರು ಬೇಸರಿಸಿಕೊಳ್ಳುವುದಿಲ್ಲ. ಪೂಜೆಯ ಹೊತ್ತಿನಲ್ಲಿ ಕೀಲಿ ಕಂಡಿಯಲ್ಲೇ ಇದ್ದರೆ ಇನ್ನೂ ಒಳ್ಳೆಯದು, ಬಾಯಿ ಮುಚ್ಚಿರುತ್ತದೆ.

ಮದ್ದೂರು ಇಂಡಿಕಾ · 11.20

ಹಾಗಾದರೆ ಡಬ್ಲ್ಯುಡಿ-40 ಹೊಡೆದರೆ ತಪ್ಪೇನು? ಅದು ಹೆಪ್ಪುಗಟ್ಟುವುದಿಲ್ಲವಲ್ಲ.

ಮೇಟಗಳ್ಳಿ ಲೇತ್ · 11.40

ಕೊಳೆ ತೊಳೆಯುವುದಕ್ಕೆ ಅದು ಪರವಾಗಿಲ್ಲ. ಅದನ್ನೇ ಕೀಲೆಣ್ಣೆಯಂತೆ ವರ್ಷಗಟ್ಟಲೆ ಹೊಡೆಯುತ್ತಾ ಬರುವುದು ತಪ್ಪು. ದ್ರಾವಕ ಆರಿಹೋಗಿ ತೆಳುವಾದ ಎಣ್ಣೆಯ ಪದರ ಉಳಿಯುತ್ತದೆ, ಅದಕ್ಕೆ ಧೂಳು ಹಿಡಿಯುತ್ತದೆ. ಕಬ್ಬು ಅರೆಯುವ ತಿಂಗಳುಗಳಲ್ಲಿ ಮಂಡ್ಯ, ಪಾಂಡವಪುರದ ಕಡೆ ಓಡಾಡುವ ಗಾಡಿಗಳ ಲಾಕ್ ಬಿಚ್ಚಿದಾಗ ಒಳಗೆ ಸಿಗುವುದನ್ನು ಮಣ್ಣು ಎನ್ನಬೇಕೋ ಗ್ರೀಸ್ ಎನ್ನಬೇಕೋ ತಿಳಿಯುವುದಿಲ್ಲ.

ನನ್ನ ಕ್ರಮ ಹೀಗೆ. ಎಲೆಕ್ಟ್ರಿಕಲ್ ಕಾಂಟ್ಯಾಕ್ಟ್ ಕ್ಲೀನರ್ ಅಥವಾ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ತೊಳೆ, ಕೀಲಿಯನ್ನು ಒಳಗೆ ಹೊರಗೆ ಆಡಿಸು, ಹೊರಬಂದ ಕೊಳೆಯನ್ನು ಬಟ್ಟೆಯಲ್ಲಿ ಒರೆಸು, ಕೀಲಿ ಸ್ವಚ್ಛವಾಗಿ ಹೊರಬರುವವರೆಗೆ ಇದೇ. ಪೂರ್ತಿ ಆರಿದ ಮೇಲೆ ಗ್ರಾಫೈಟ್ ಪುಡಿ, ಅದೂ ಚಿಟಿಕೆಯಷ್ಟು. ಗ್ರಾಫೈಟ್‌ನಲ್ಲಿ ವಿದ್ಯುತ್ ಹರಿಯುತ್ತದೆ, ಹಿಂದೆಯೇ ಸ್ವಿಚ್ ಇದೆ. ಡಬ್ಬಿ ಬಗ್ಗಿಸಿ ಸುರಿಯಬೇಡಿ. ಪುಡಿ ಸಿಗದಿದ್ದರೆ ಮೆತ್ತನೆಯ ಡ್ರಾಯಿಂಗ್ ಪೆನ್ಸಿಲ್‌ನಿಂದ ಕೀಲಿಯ ಹಲ್ಲುಗಳಿಗೆ ತಿಕ್ಕಿ ಆಡಿಸಿದರೂ ನಡೆಯುತ್ತದೆ. ಎಣ್ಣೆ ಇರುವಲ್ಲಿಗೆ ಮಾತ್ರ ಗ್ರಾಫೈಟ್ ಹಾಕಬಾರದು, ಕಪ್ಪು ಅಂಟು ತಯಾರಾಗುತ್ತದೆ.

ತೊಳೆಯುವ ದ್ರವಗಳೆಲ್ಲ ಬೆಂಕಿ ಹಿಡಿಯುವಂಥವು. ಬ್ಯಾಟರಿ ತೆಗೆದಿರಲಿ, ಬಾಗಿಲು ತೆರೆದಿರಲಿ, ಬೀಡಿ ಸಿಗರೇಟಿನವರು ದೂರವಿರಲಿ.

ಅಂಬಾಸಿಡರ್ ಮನೆತನ · 12.15

ಡೀಸೆಲ್ ಗಾಡಿಯಲ್ಲಿ ಇಗ್ನಿಷನ್ ಎಲ್ಲಿದೆ ಸ್ವಾಮಿ? ಸ್ಪಾರ್ಕ್ ಪ್ಲಗ್ಗೇ ಇಲ್ಲ. ನಮ್ಮ ಹಳೆಯ ಡೀಸೆಲ್ ಅಂಬಾಸಿಡರ್‌ನಲ್ಲಿ ಕೀಲಿ ತೆಗೆದರೂ ಎಂಜಿನ್ ತನ್ನ ಪಾಡಿಗೆ ಓಡುತ್ತಿತ್ತು. ನಿಲ್ಲಿಸಬೇಕೆಂದರೆ ಡ್ಯಾಶ್‌ಬೋರ್ಡ್ ಕೆಳಗಿನ ಗುಂಡಿಯನ್ನು ಎಳೆಯಬೇಕು, ಅದು ತಂತಿಯ ಮೂಲಕ ಪಂಪಿನ ಡೀಸೆಲ್ ನಿಲ್ಲಿಸುತ್ತಿತ್ತು. ಸ್ಟೀರಿಂಗ್ ಲಾಕೂ ಇರಲಿಲ್ಲ, ಇಂಥ ತಲೆನೋವೂ ಇರಲಿಲ್ಲ. 2014ರಲ್ಲಿ ಅದು ತಯಾರಾಗುತ್ತಿದ್ದ ಉತ್ತರಪಾಡಾ ಕಾರ್ಖಾನೆ ನಿಂತಿತು, ಸರಳ ಗಾಡಿಗಳ ಕಾಲವೂ ಮುಗಿಯಿತು.

ಬೀಗದ ಮೇಷ್ಟ್ರು, ಮಂಡ್ಯ · 12.35

ಸರಳ ಗಾಡಿ ಕದಿಯುವುದಕ್ಕೂ ಸರಳವಾಗಿತ್ತು, ಅದನ್ನೂ ಸೇರಿಸಿ. ಆದರೆ ಡೀಸೆಲ್ ಬಗ್ಗೆ ಹೇಳಿದ ಮಾತು ಇಲ್ಲಿ ಮುಖ್ಯ, ಬೆಂಜ್‌ನಲ್ಲಿ ಇದರದೇ ಒಂದು ಬಗೆ ಇದೆ.

240ಡಿಯಲ್ಲಿ ಎಂಜಿನ್ ನಿಲ್ಲಿಸುವುದು ನಿರ್ವಾತ, ಅಂದರೆ ವ್ಯಾಕ್ಯೂಮ್. ಎಂಜಿನ್‌ನಿಂದಲೇ ಓಡುವ ವ್ಯಾಕ್ಯೂಮ್ ಪಂಪ್ ಬ್ರೇಕ್ ಒತ್ತಲು ನೆರವಾಗುವ ಬೂಸ್ಟರ್‌ಗೂ ಎಳೆತ ಕೊಡುತ್ತದೆ, ಒಂದು ಸಣ್ಣ ಕೊಳವೆಯ ಮೂಲಕ ಇಗ್ನಿಷನ್ ಲಾಕ್‌ನ ಹಿಂದಿರುವ ಕವಾಟಕ್ಕೂ ಕೊಡುತ್ತದೆ. ಕೀಲಿಯನ್ನು ಆಫ್ ಮಾಡಿದಾಗ ಆ ಕವಾಟ ತೆರೆದು ಎಳೆತ ಇಂಜೆಕ್ಷನ್ ಪಂಪ್‌ಗೆ ತಲುಪುತ್ತದೆ, ಡೀಸೆಲ್ ನಿಲ್ಲುತ್ತದೆ. ಹಾಗಾಗಿ ಈ ಗಾಡಿಯ ಲಾಕ್‌ನಲ್ಲಿ ನಾಲ್ಕು ಕೆಲಸಗಳು ಒಂದರ ಹಿಂದೊಂದು ಜೋಡಿಸಿಕೊಂಡಿವೆ: ಬ್ಯಾರೆಲ್, ಸ್ಟೀರಿಂಗ್ ಗೂಟ, ವಿದ್ಯುತ್ ಸ್ವಿಚ್, ವ್ಯಾಕ್ಯೂಮ್ ಕವಾಟ. ಬೇರೆ ಗಾಡಿಯ ಸ್ವಿಚ್ ಕೂರಿಸಿದರೆ ಎಂಜಿನ್ ಓಡುತ್ತದೆ, ನಿಲ್ಲುವುದಿಲ್ಲ! ನಿಮ್ಮ ಗ್ಯಾರೇಜಿನವರಿಗೆ ಇದು ತಿಳಿದಿತ್ತೇ ಎಂದು ಕೇಳಿನೋಡಿ.

ಎಲ್ಲ ಹಳೆಯ ಬೆಂಜ್ ಡೀಸೆಲ್ ಮಾಲೀಕರೂ ನೆನಪಿಡಿ. ಕೀಲಿ ತಿರುಗಿಸಿದರೂ ಎಂಜಿನ್ ನಿಲ್ಲದಿದ್ದರೆ ಬಾನೆಟ್ ಕೆಳಗೆ ಸ್ಟಾಪ್ ಎಂದು ಬರೆದ ಲಿವರ್ ಇದೆ, ಅದನ್ನು ಒತ್ತಿದರೆ ನಿಲ್ಲುತ್ತದೆ.

ಕುವೆಂಪುನಗರ ಹಳೆಗಾಡಿ · ಮಧ್ಯಾಹ್ನ 2.30

ಗ್ಯಾರೇಜಿನವರನ್ನು ಕೇಳಿದೆ. ಕವಾಟದ ಮಾತೆತ್ತಿದ ಕೂಡಲೇ, ನಮಗೆ ಬೇರೆ ಕೆಲಸ ಇದೆ ಎಂದರು.

ಎರಡನೆಯ ಕೀಲಿ ಸಿಕ್ಕಿತು. ರೇಷ್ಮೆ ಸೀರೆಗಳ ಕೆಳಗೆ ಇತ್ತು. ದಿನಬಳಕೆಯ ಕೀಲಿಯ ಪಕ್ಕದಲ್ಲಿಟ್ಟು ನೋಡಿದರೆ ಆಶ್ಚರ್ಯವಾಗುತ್ತದೆ. ಹೊಸದರಲ್ಲಿ ಹಲ್ಲುಗಳ ಏಣು ಚೂಪಾಗಿ ಎದ್ದು ಕಾಣುತ್ತದೆ, ಹಳೆಯದರಲ್ಲಿ ಎಲ್ಲವೂ ದುಂಡಗಾಗಿವೆ. ಹಾಗಾದರೆ ದೋಷ ಕೀಲಿಯದೇ?

ಬೀಗದ ಮೇಷ್ಟ್ರು, ಮಂಡ್ಯ · 2.50

ಅರ್ಧ ಪಾಲು ಅದರದ್ದೇ. ಕೀಲಿಗೊಂಚಲಿನಲ್ಲಿ ಮನೆ, ಗೇಟು, ಬೀರು, ಚಾಮುಂಡೇಶ್ವರಿಯ ಹಿತ್ತಾಳೆ ಪದಕ ಎಲ್ಲವೂ ಇರುತ್ತವೆ ತಾನೇ? ಗಾಡಿ ಓಡುವಷ್ಟು ಹೊತ್ತೂ ಆ ಭಾರ ಬ್ಯಾರೆಲ್‌ನಲ್ಲಿ ಜೋತಾಡಿಕೊಂಡಿರುತ್ತದೆ. ಕೀಲಿಯೂ ಸವೆಯುತ್ತದೆ, ಬಿಲ್ಲೆಯೂ ಸವೆಯುತ್ತದೆ. ಇಗ್ನಿಷನ್ ಕೀಲಿ ಒಂಟಿಯಾಗಿರಲಿ.

ಒಂದು ಎಚ್ಚರಿಕೆ. ಸವೆದ ಕೀಲಿಯನ್ನು ಕೊಟ್ಟು ನಕಲು ಮಾಡಿಸಬೇಡಿ. ಯಂತ್ರ ಸವೆತವನ್ನೂ ಅಷ್ಟೇ ನಿಷ್ಠೆಯಿಂದ ನಕಲು ಮಾಡುತ್ತದೆ. ನಕಲಿನ ನಕಲು ಮಾಡಿಸಿಕೊಂಡು ಬಂದು, ಹೊಸ ಕೀಲಿಯೂ ಕೆಲಸ ಮಾಡುತ್ತಿಲ್ಲ, ಲಾಕೇ ಹೋಗಿದೆ ಎನ್ನುವವರು ನನಗೆ ಬಹಳ ಮಂದಿ ಸಿಕ್ಕಿದ್ದಾರೆ. ಸೀರೆ ಕೆಳಗಿನ ಆ ಕೀಲಿಯೇ ನಿಮ್ಮ ಮೂಲಪ್ರತಿ. ಅದನ್ನು ಜೋಪಾನ ಮಾಡಿ.

ಈಗ ಕೆಲಸ. ಚಕ್ರ ಎತ್ತಿ. ಕೂದಲು ಒಣಗಿಸುವ ಯಂತ್ರ ಮನೆಯಲ್ಲಿದ್ದರೆ ಲಾಕ್‌ನ ಮುಖಕ್ಕೆ ಸ್ವಲ್ಪ ದೂರದಿಂದ ಬಿಸಿಗಾಳಿ ಕೊಡಿ, ಮುಟ್ಟಿದರೆ ಹಿತವಾಗಿ ಬೆಚ್ಚಗಿರುವಷ್ಟು ಸಾಕು. 24 ಡಿಗ್ರಿ ದಾಟಿಸಬೇಕು ಅಷ್ಟೇ, ಡ್ಯಾಶ್‌ಬೋರ್ಡ್ ಕರಗಿಸುವುದಲ್ಲ. ಯಂತ್ರ ಆರಿಸಿ ಪಕ್ಕಕ್ಕಿಟ್ಟ ಮೇಲೆ, ಮೇಟಗಳ್ಳಿಯವರು ಹೇಳಿದಂತೆ ತೊಳೆಯಿರಿ. ಎರಡೂ ಒಟ್ಟಿಗೆ ಕೂಡದು. ಆಮೇಲೆ ಬೀರುವಿನ ಕೀಲಿ ಹಾಕಿ, ಎಡಗೈಯಿಂದ ಸ್ಟೀರಿಂಗನ್ನು ಎರಡೂ ಕಡೆಗೆ ಮೆಲ್ಲಗೆ ಅಲ್ಲಾಡಿಸುತ್ತಾ ಬಲಗೈಯ ಎರಡು ಬೆರಳಿನಿಂದ ಕೀಲಿಗೆ ಹಗುರವಾಗಿ ಬಲ ಕೊಡಿ. ಆಗದಿದ್ದರೆ ಕೀಲಿಯ ತಲೆಗೆ ಸ್ಕ್ರೂಡ್ರೈವರ್‌ನ ಮರದ ಹಿಡಿಯಿಂದ ತಟ್ಟುತ್ತಿರಿ, ಬಡಿಯಬೇಡಿ. ಆ ಕಂಪನಕ್ಕೆ ಅಂಟಿಕೊಂಡ ಬಿಲ್ಲೆ ಜಾಗಕ್ಕೆ ಬೀಳುತ್ತದೆ. ಪಾತ್ರೆಯ ಮೇಲೆ ಹೆಸರು ಕೊರೆಯುವ ವಿದ್ಯುತ್ ಪೆನ್ ಇರುವ ಅಂಗಡಿಯವರ ಪರಿಚಯ ಇದ್ದರೆ ಅದನ್ನು ಕೇಳಿ ತನ್ನಿ. ಆ ಪೆನ್ನಿನ ನಡುಕ ಕೈತಟ್ಟಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ.

ಒಂಟಿಕೊಪ್ಪಲ್ ಓದುಗ · 3.10

ಎರಡೂ ಬದಿಗೆ ಹಲ್ಲಿರುವ ಕೀಲಿಯಾದರೆ ಮಗುಚಿ ಹಾಕಿಯೂ ನೋಡಿ. ನನ್ನ ಗಾಡಿಯಲ್ಲಿ ಒಂದು ಬದಿ ಒಲ್ಲೆ ಎಂದಾಗ ಇನ್ನೊಂದು ಬದಿ ಒಪ್ಪಿತ್ತು. (ಆ ಗಾಡಿಗೆ ಪೂಜೆ ಆಗಿತ್ತೇ ಎಂದು ಯಾರೂ ಕೇಳಬೇಡಿ.)

ಹೆಬ್ಬಾಳ ಸ್ವಿಫ್ಟ್ · 3.40

ನಡುವೆ ಒಂದು ಪ್ರಶ್ನೆ. ನನ್ನದು 2009ರ ಸ್ವಿಫ್ಟ್ ಡೀಸೆಲ್. ಕೀಲಿ ಒಳ್ಳೆಯದಾಗಿ ತಿರುಗುತ್ತದೆ, ದೀಪಗಳೆಲ್ಲ ಬರುತ್ತವೆ, ಸ್ಟಾರ್ಟರ್ ಮಾತ್ರ ಕೆಲವು ಸಲ ಸದ್ದೇ ಮಾಡುವುದಿಲ್ಲ. ಲಾಕ್ ತೊಳೆದರೆ ಸರಿಯಾಗುವುದೇ?

ಮೇಟಗಳ್ಳಿ ಲೇತ್ · 3.55

ಇಲ್ಲ. ನಿಮ್ಮದು ಬೇರೆ ರೋಗ. ಕೀಲಿ ತಿರುಗುತ್ತದೆ ಎಂದ ಮೇಲೆ ಬ್ಯಾರೆಲ್ ಸರಿಯಿದೆ. ಬ್ಯಾಟರಿ ತುದಿಗಳು, ಸ್ಟಾರ್ಟರ್‌ನ ಸೊಲೆನಾಯ್ಡ್, ಬ್ಯಾರೆಲ್‌ನ ಹಿಂದಿನ ವಿದ್ಯುತ್ ಸ್ವಿಚ್, ಈ ಕ್ರಮದಲ್ಲಿ ನೋಡಿಸಿ. ಸ್ವಿಚ್ ಬೇರೆಯಾಗಿಯೇ ಸಿಗುತ್ತದೆ, ಇಡೀ ಲಾಕ್ ಬದಲಿಸಬೇಕೆಂದು ಯಾರಾದರೂ ಹೇಳಿದರೆ ಕಾರಣ ಕೇಳಿ. ನಿಮ್ಮ ಕೀಲಿಯ ತಲೆಯಲ್ಲಿ ಚಿಪ್ ಇರಬಹುದು, ಹಾಗಿದ್ದರೆ ರಸ್ತೆಬದಿಯ ನಕಲು ಕೀಲಿ ಬಾಗಿಲು ತೆರೆಯುತ್ತದೆ, ಎಂಜಿನ್ ಹೊತ್ತಿಸುವುದಿಲ್ಲ.

ನಿರ್ವಾಹಕ · ಸಂಜೆ 5.00

ಒಬ್ಬ ಸದಸ್ಯರು ಕೀಲಿ ಇಲ್ಲದೆ ಸ್ಟೀರಿಂಗ್ ಗೂಟ ಮುರಿಯುವ ವಿಧಾನವನ್ನು ಹಂತಹಂತವಾಗಿ ಬರೆದಿದ್ದರು, ಅದನ್ನು ತೆಗೆದಿದ್ದೇನೆ. ಕೀಲಿ ಇರುವವರ ಕಷ್ಟವನ್ನು ಇಲ್ಲಿ ಚರ್ಚಿಸಿ. ಕೀಲಿ ಕಳೆದುಕೊಂಡವರು ಆರ್‌ಸಿ ಹಿಡಿದು ಕೀಲಿ ಮಾಡುವವರ ಬಳಿ ಅಥವಾ ಅಧಿಕೃತ ಮಾರಾಟಗಾರರ ಬಳಿ ಹೋಗಲಿ.

ಕುವೆಂಪುನಗರ ಹಳೆಗಾಡಿ · ಭಾನುವಾರ, ಬೆಳಿಗ್ಗೆ 11.15

ತಿರುಗಿತು!

ನಿನ್ನೆ ಸಂಜೆ ತೊಳೆದಾಗ ಹೊರಬಂದದ್ದು ಕೆಂಪು ಕೆಸರು, ಬಟ್ಟೆ ಪೂರ್ತಿ ಕುಂಕುಮದ ಬಣ್ಣ. ತಿರುಗಲಿಲ್ಲ. ಇವತ್ತು ಮತ್ತೆ ಬಿಸಿಗಾಳಿ ಕೊಟ್ಟು, ಮತ್ತೆ ತೊಳೆದು, ಬೀರುವಿನ ಕೀಲಿ ಹಾಕಿ, ಮಗ ಸ್ಟೀರಿಂಗ್ ಅಲ್ಲಾಡಿಸುತ್ತಿದ್ದಾಗ ನಾನು ತಟ್ಟುತ್ತಿದ್ದೆ. ಸದ್ದೇ ಇಲ್ಲದೆ ಒಂದನೆಯ ಸ್ಥಾನಕ್ಕೆ ಬಂತು. ಈಗ ಬ್ಯಾಟರಿ ಜೋಡಿಸಿ ಚಾಮುಂಡಿ ಬೆಟ್ಟಕ್ಕೆ ಒಂದು ಸುತ್ತು ಹೋಗಿಬರೋಣ ಎನ್ನುತ್ತಿದ್ದಾರೆ ಮನೆಯವರು.

ಬೀಗದ ಮೇಷ್ಟ್ರು, ಮಂಡ್ಯ · 11.18

ನಿಲ್ಲಿ. ಕೀಲಿಯನ್ನು ಹಿಂದಕ್ಕೆ ತಿರುಗಿಸಬೇಡಿ. ಹೊರಗೆ ತೆಗೆಯಬೇಡಿ. ಗಾಡಿ ಎಲ್ಲಿದೆಯೋ ಅಲ್ಲೇ ಇರಲಿ. ಬೆಟ್ಟ ಎಲ್ಲಿಗೂ ಓಡಿಹೋಗುವುದಿಲ್ಲ.

ಮೇಟಗಳ್ಳಿ ಲೇತ್ · 11.24

ಮೇಷ್ಟ್ರು ಹೇಳಿದ್ದನ್ನು ಕೇಳಿ. ಕಾರಣ ಇದೆ.

ಬೀಗದ ಮೇಷ್ಟ್ರು, ಮಂಡ್ಯ · 11.50

ಈಗ ಕಾರಣ. ಈ ಮಾದರಿಯ ಬ್ಯಾರೆಲ್ ಹೊರಬರುವುದು ಕೀಲಿ ಒಂದನೆಯ ಸ್ಥಾನದಲ್ಲಿದ್ದಾಗ ಮಾತ್ರ. ಸೊನ್ನೆಯಲ್ಲಿ, ಅಂದರೆ ಲಾಕ್ ಆದ ಸ್ಥಾನದಲ್ಲಿ, ಸಿಕ್ಕಿಕೊಂಡರೆ ಒಡೆಯುವುದೊಂದೇ ದಾರಿ. ಕಳ್ಳರಿಗೆಂದು ಮಾಡಿದ ಏರ್ಪಾಡು, ಮಾಲೀಕರಿಗೂ ಅದೇ ಅನ್ವಯಿಸುತ್ತದೆ. ಬ್ಯಾರೆಲ್ ಒಮ್ಮೆ ತಿರುಗಿತೆಂದು ಸಂತೋಷಪಟ್ಟು ಗಾಡಿ ಓಡಿಸಿ, ಮತ್ತೆಲ್ಲೋ ನಿಲ್ಲಿಸಿ ಕೀಲಿ ತೆಗೆದು, ಅಲ್ಲಿಯೇ ಸಿಕ್ಕಿಹಾಕಿಕೊಂಡ ಹಳೆಯ ಬೆಂಜ್‌ಗಳ ಕಥೆಗೆ ಕೊನೆಯೇ ಇಲ್ಲ. ಒಳಗೆ ಸವೆದ ಬಿಲ್ಲೆಗಳು ಹಾಗೆಯೇ ಇವೆ. ನೀವು ತೊಳೆದದ್ದು ಕೊಳೆಯನ್ನು, ಸವೆತವನ್ನಲ್ಲ. ಒಂದನೆಯ ಸ್ಥಾನದಲ್ಲಿ ಕೀಲಿ ನಿಂತಿರುವ ಈ ಗಳಿಗೆ ನಿಮಗೆ ಸಿಕ್ಕ ಭಾಗ್ಯ. ಇದರಲ್ಲೇ ಬ್ಯಾರೆಲ್ ಹೊರಗೆ ಬರಬೇಕು.

ಕೀಲಿಯ ಸುತ್ತ ಕಪ್ಪು ಉಂಗುರ ಕಾಣುತ್ತದೆಯಲ್ಲ, ಅದು ತಿರುಪಿನ ಮೇಲೆ ಕೂತಿದೆ. ಅದರ ಅಂಚಿನಲ್ಲಿ ಸಣ್ಣ ಕಂಡಿ ಇದೆ. ಗಟ್ಟಿ ತಂತಿಯನ್ನು, ಕಾಗದ ಸಿಕ್ಕಿಸುವ ದೊಡ್ಡ ಕ್ಲಿಪ್ ನೇರ ಮಾಡಿದರೂ ಆಗುತ್ತದೆ, ಅದರೊಳಗೆ ತೂರಿಸಿ ಒಳಗಿನ ತಡೆಯನ್ನು ಒತ್ತಿ ಹಿಡಿದು ಉಂಗುರವನ್ನು ಎಡಕ್ಕೆ ತಿರುಗಿಸುತ್ತಾ ಬಿಚ್ಚಿ. ಉಂಗುರದ ಹಿಂದೆಯೇ ಕೀಲಿಯ ಸಮೇತ ಬ್ಯಾರೆಲ್ ಜಾರಿ ಬರುತ್ತದೆ. ಇದರ ನಂತರದ ಡಬ್ಲ್ಯು124ನಲ್ಲಿ ತಂತಿ ಎರಡು ಕಡೆ ಹೋಗಬೇಕು, ತುದಿಯನ್ನು ಓರೆಯಾಗಿ ಅರೆದಿರಬೇಕು. ಆ ಗಾಡಿಯವರು ಇದನ್ನು ಓದಿ ಗೊಂದಲ ಮಾಡಿಕೊಳ್ಳಬೇಡಿ.

ಹೊರಬಂದ ಬ್ಯಾರೆಲ್‌ನಿಂದ ಕೀಲಿಯನ್ನು ಎಳೆಯಬೇಡಿ. ಕವಚದ ಆಸರೆ ಇಲ್ಲದಾಗ ಬಿಲ್ಲೆ, ಸ್ಪ್ರಿಂಗ್ ಹಾರಿಹೋದರೆ ಚಾಪೆಯ ಕೆಳಗೆ ಹುಡುಕುತ್ತಾ ಕೂರಬೇಕು.

ಕುವೆಂಪುನಗರ ಹಳೆಗಾಡಿ · 1.40

ಬಂತು. ಕಂಡಿಯಲ್ಲೂ ಗಂಧ ತುಂಬಿದ್ದರಿಂದ ಮೊದಲು ಸೂಜಿಯಿಂದ ಕೆರೆಯಬೇಕಾಯಿತು. ಬ್ಯಾರೆಲ್ ಈಗ ತಟ್ಟೆಯಲ್ಲಿದೆ, ಕೀಲಿ ಒಳಗೇ ಇದೆ. ಎರಡು ಬಿಲ್ಲೆಗಳು ಅಂಚಿಗಿಂತ ಸ್ವಲ್ಪ ಮೇಲೆ ನಿಂತಿರುವುದು ಕಣ್ಣಿಗೇ ಕಾಣುತ್ತದೆ. ಬೆಟ್ಟದ ಕಾರ್ಯಕ್ರಮ ಬಸ್ಸಿನಲ್ಲಿ ನಡೆಯಿತು, ನಾನು ಮನೆಯಲ್ಲೇ ಉಳಿದೆ.

ಕೇಳಬೇಕಾದದ್ದು ಇಷ್ಟು. ಇದನ್ನೇ ಸರಿಮಾಡಿ ಹಾಕಲೋ, ಹೊಸದನ್ನು ತರಿಸಲೋ? ಹೊಸದನ್ನು ತರಿಸಿದರೆ ಬಾಗಿಲಿಗೊಂದು ಕೀಲಿ, ಎಂಜಿನ್‌ಗೊಂದು ಕೀಲಿ ಆಗುವುದಿಲ್ಲವೇ?

ಮೇಟಗಳ್ಳಿ ಲೇತ್ · 2.15

ಎದ್ದು ನಿಂತ ಬಿಲ್ಲೆಗಳ ತುದಿಯನ್ನು ನುಣುಪು ಅರದಿಂದ ಅಂಚಿಗೆ ಸಮ ಮಾಡುವವರಿದ್ದಾರೆ. ಕೆಲಸ ನಡೆಯುತ್ತದೆ, ಆದರೆ ಲಾಕ್ ಸಡಿಲವಾಗುತ್ತದೆ, ಯಾರದೋ ಕೀಲಿಗೂ ಮಣಿಯುವಂತಾಗಬಹುದು. ಹೊಸದು ಬರುವವರೆಗೆ ಹಾಗೆ ಮಾಡಿಕೊಳ್ಳಿ ಎಂದರೆ ಒಪ್ಪುತ್ತೇನೆ, ಶಾಶ್ವತಕ್ಕೆ ಒಪ್ಪುವುದಿಲ್ಲ.

ಬೀಗದ ಮೇಷ್ಟ್ರು, ಮಂಡ್ಯ · 2.40

ನನ್ನ ಮತವೂ ಅದೇ. ಹೊಸದನ್ನು ತರಿಸುವಾಗ ಅಧಿಕೃತ ಮಾರಾಟಗಾರರಿಗೆ ಆರ್‌ಸಿ ತೋರಿಸಿ ಚಾಸಿ ಸಂಖ್ಯೆ ಕೊಟ್ಟು ಕೇಳಿ. ಆ ಸಂಖ್ಯೆಯ ಆಧಾರದ ಮೇಲೆ ನಿಮ್ಮ ಮೂಲ ಕೀಲಿಗೆ ಹೊಂದುವ ಬ್ಯಾರೆಲ್ ಬರುತ್ತದೆ, ಬಾಗಿಲಿಗೂ ಅದೇ ಕೀಲಿ ನಡೆಯುತ್ತದೆ. ಜೊತೆಗೆ ಅದೇ ಸಂಖ್ಯೆಗೆ ಹೊಸ ಕೀಲಿಯನ್ನೂ ಬರೆಸಿ. ಜರ್ಮನಿಯಿಂದ ಬರಬೇಕು, ಕಾಯಬೇಕು, ದುಬಾರಿ. ಹೊರಗಿನ ಕಂಪನಿಗಳ ಬ್ಯಾರೆಲ್ ಅಗ್ಗ, ಬೇಗ ಸಿಗುತ್ತದೆ, ಆದರೆ ಅದರ ಕೀಲಿ ಬೇರೆ. ಎರಡು ಕೀಲಿ ಇಟ್ಟುಕೊಳ್ಳಲು ಬೇಸರವಿಲ್ಲದಿದ್ದರೆ ಅದೂ ತಪ್ಪಲ್ಲ. ಸುಮಾರು 27 ಲಕ್ಷ ತಯಾರಾದ ಮಾದರಿ ಇದು, ಬಿಡಿಭಾಗಕ್ಕೆ ಬರಗಾಲವಿಲ್ಲ.

ಹೊಸದನ್ನು ಕೂರಿಸುವ ಮುನ್ನ ಖಾಲಿ ಗೂಡಿನೊಳಗೆ ಟಾರ್ಚ್ ಬಿಟ್ಟು ನೋಡಿ. ಕುಂಕುಮ ಹಿಂದಿನವರೆಗೂ ಹೋಗಿದ್ದರೆ ಅಲ್ಲಿಯೂ ಒರೆಸಬೇಕು.

ಕಬ್ಬಿನಗದ್ದೆ ಕ್ವಾಲಿಸ್ · ರಾತ್ರಿ 8.30

ಇಡೀ ಚರ್ಚೆ ಓದಿದೆ. ನನ್ನದು ಬಿಡದಿಯಲ್ಲಿ ತಯಾರಾದ 2003ರ ಕ್ವಾಲಿಸ್ ಡೀಸೆಲ್, ಮಂಡ್ಯದಲ್ಲಿ ಬಾಡಿಗೆಗೆ ಓಡುತ್ತದೆ. ನಿಮಗೆ ಕೀಲಿ ತಿರುಗದ ಚಿಂತೆ, ನನ್ನ ಗಾಡಿಯಲ್ಲಿ ಎಂಜಿನ್ ಓಡುತ್ತಿರುವಾಗಲೇ ಕೀಲಿ ಹೊರಗೆ ಬರುತ್ತದೆ. ಅನುಕೂಲವೇ ಆಗಿದೆ, ಎಂಜಿನ್ ಓಡುತ್ತಿದ್ದಾಗಲೇ ಕೀಲಿ ತೆಗೆದು ಡಿಕ್ಕಿ ಬಾಗಿಲು ತೆರೆಯುತ್ತೇನೆ. ಇದಕ್ಕೂ ಏನಾದರೂ ಮಾಡಿಸಬೇಕೇ?

ಅಂಬಾಸಿಡರ್ ಮನೆತನ · 8.45

ನೋಡಿದಿರಾ, ನಮ್ಮ ಅಂಬಾಸಿಡರ್ ಗುಣ ಬಂದಿದೆ ಅದಕ್ಕೆ.

ಬೀಗದ ಮೇಷ್ಟ್ರು, ಮಂಡ್ಯ · 9.10

ಗುಣ ಬಂದಿದೆ, ಸ್ಟೀರಿಂಗ್ ಲಾಕ್ ಹೋಗಿಲ್ಲವಲ್ಲ! ಅದೇ ಅಪಾಯ. ಬಿಲ್ಲೆಗಳು ಎಷ್ಟು ಸವೆದಿವೆ ಎಂದರೆ ಕೀಲಿಯನ್ನು ಹಿಡಿದಿಡುವ ಶಕ್ತಿ ಅವುಗಳಿಗಿಲ್ಲ. ಕೀಲಿ ಇಲ್ಲದ ಬ್ಯಾರೆಲ್ ಕುಲುಕಾಟಕ್ಕೆ ಹಿಂದಕ್ಕೆ ಸರಿದರೆ, ಗಾಡಿ ಓಡುತ್ತಿರುವಾಗಲೇ ಗೂಟ ಬಿದ್ದು ಸ್ಟೀರಿಂಗ್ ಬಿಗಿದುಕೊಳ್ಳುವ ಸಾಧ್ಯತೆಯಿದೆ. ಕ್ವಾಲಿಸ್‌ನಲ್ಲಿ ಎಷ್ಟು ಜನ ಕೂರುತ್ತಾರೆ ಎಂದು ನಿಮಗೇ ಗೊತ್ತು.

ಚಾಮುಂಡಿ ಬೆಟ್ಟದ ಇಳಿಜಾರಿನಲ್ಲಿ ಡೀಸೆಲ್ ಉಳಿಸಲು ಎಂಜಿನ್ ಆರಿಸಿಕೊಂಡು ಇಳಿಯುವವರಿಗೂ ಇದೇ ಮಾತು. ಎಂಜಿನ್ ನಿಂತರೆ ವ್ಯಾಕ್ಯೂಮ್ ಪಂಪೂ ನಿಂತಿತು, ಬೂಸ್ಟರ್‌ನಲ್ಲಿ ಉಳಿದದ್ದು ಕೆಲವು ಸಲ ಒತ್ತುವುದಕ್ಕೆ ಮಾತ್ರ. ಆಮೇಲೆ ಬ್ರೇಕ್ ಪೆಡಲ್ ಕಲ್ಲಾಗುತ್ತದೆ. ಪವರ್ ಸ್ಟೀರಿಂಗೂ ಭಾರವಾಗುತ್ತದೆ. ಅಂಥ ಇಳಿಜಾರಿನಲ್ಲಿ ಸವೆದ ಲಾಕ್‌ನ ಕೀಲಿಯನ್ನು ಆಫ್ ಕಡೆಗೆ ತಿರುಗಿಸುವುದೆಂದರೆ ಎರಡು ಅಪಾಯಗಳನ್ನು ಒಟ್ಟಿಗೆ ಕರೆದಂತೆ.

ಕಬ್ಬಿನಗದ್ದೆ ಕ್ವಾಲಿಸ್ · 9.20

ಇಷ್ಟು ದಿನ ಯಾರೂ ಹೇಳಿರಲಿಲ್ಲ. ನಾಳೆ ಬೆಳಿಗ್ಗೆ ಮೇಲುಕೋಟೆಗೆ ಬಾಡಿಗೆ ಇದೆ. ಅದನ್ನು ಮುಗಿಸಿಕೊಂಡು ಬಂದು ಬ್ಯಾರೆಲ್ ಬದಲಿಸುತ್ತೇನೆ.

ಬೀಗದ ಮೇಷ್ಟ್ರು, ಮಂಡ್ಯ · 9.23

ಮುಗಿಸಿಕೊಂಡು ಬಂದಲ್ಲ, ಹೋಗುವ ಮುನ್ನ. ಬಾಡಿಗೆಯನ್ನು ಬೇರೆ ಗಾಡಿಗೆ ಕೊಡಿ. ಆರ್‌ಸಿ ಮತ್ತು ಹಳೆಯ ಕೀಲಿ ಎರಡನ್ನೂ ತೆಗೆದುಕೊಂಡು ಹೋಗಿ, ಬ್ಯಾರೆಲ್ ಜೊತೆಗೆ ಹಿಂದಿನ ವಿದ್ಯುತ್ ಸ್ವಿಚ್ಚನ್ನೂ ಪರೀಕ್ಷಿಸಲು ಹೇಳಿ.